ಬೆಗೋನಿಯಾ ಬದಲಿಸಲು ನಮ್ಮ ಮಳೆಯ ಲೆಕ್ಕ ಸಾಕು

ಸಂಪಾದಕರಿಗೆ ನಮಸ್ಕಾರ.

ತಮ್ಮ ವಾರದ ಪುರವಣಿಯಲ್ಲಿ ಬರುವ ಕೈತೋಟದ ಲೇಖನಗಳನ್ನು ನಾನು ಬಿಡದೆ ಓದುತ್ತೇನೆ. ಕೆಲವನ್ನು ಕತ್ತರಿಸಿ ಇಟ್ಟುಕೊಂಡೂ ಇದ್ದೇನೆ. ಈ ಪತ್ರ ಬರೆಯುತ್ತಿರುವುದು ಬೆಗೋನಿಯಾ ಗಿಡವನ್ನು ಒಂದು ಕುಂಡದಿಂದ ಇನ್ನೊಂದಕ್ಕೋ, ನೆಲಕ್ಕೋ ಬದಲಿಸುವ ವಿಷಯಕ್ಕೆ. ಈ ಬಗ್ಗೆ ಪತ್ರಿಕೆಗಳಲ್ಲಿ, ಯೂಟ್ಯೂಬಿನಲ್ಲಿ, ವಾಟ್ಸಾಪ್ ಗುಂಪುಗಳಲ್ಲಿ ಓಡಾಡುವ ಸಲಹೆಗಳಲ್ಲಿ ತುಂಬಾ ಭಾಗ ಚಳಿದೇಶದವರು ತಮ್ಮ ಹವೆಗೆ ಬರೆದುಕೊಂಡಿದ್ದು. ಹಿಮ ಬೀಳುವುದು ನಿಂತ ಮೇಲೆ ವಸಂತದಲ್ಲಿ ಹೊರಗೆ ನೆಡಿ, ಚಳಿ ಬರುವ ಮುಂಚೆ ಗೆಡ್ಡೆ ಕಿತ್ತು ಒಳಗಿಡಿ, ಇತ್ಯಾದಿ. ಅವರಿಗೆ ಅದು ಸರಿ. ನಮ್ಮಲ್ಲಿ ವಸಂತ ಎಂದರೆ ಏಪ್ರಿಲ್, ಮೇ. ಆ ಬಿಸಿಲಲ್ಲಿ ಬೇರು ಕದಲಿಸಿದ ಬೆಗೋನಿಯಾ ಉಳಿಯುವುದು ಕಷ್ಟ.

ನಮ್ಮ ಬೆಗೋನಿಯಾಗಳನ್ನು ಸಾಯಿಸುವುದು ಹಿಮವಲ್ಲ. ಬೇಸಿಗೆಯಲ್ಲಿ ಬಿಸಿಲು, ಮಳೆಗಾಲದಲ್ಲಿ ಕೊಳೆ, ಇವೆರಡೇ. ಹಾಗಾಗಿ ಗಿಡ ಬದಲಿಸುವ ಕಾಲವನ್ನು ನಮ್ಮ ಮಳೆ ನೋಡಿಯೇ ಹೇಳಬೇಕು. ಅದೂ ಇಡೀ ರಾಜ್ಯಕ್ಕೆ ಒಂದೇ ಲೆಕ್ಕ ಹೇಳಲು ಬರುವುದಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ.ಗೂ ಜಾಸ್ತಿ ಮಳೆ, ಬೆಂಗಳೂರಿನಲ್ಲಿ 1,000 ಮಿ.ಮೀ. ಆಸುಪಾಸು, ಚಳ್ಳಕೆರೆಯಲ್ಲಿ ಅದರ ಅರ್ಧ. ಮೂರು ಕಡೆಯವರಿಗೂ "ಜೂನ್‌ನಲ್ಲಿ ನೆಡಿ" ಎಂದು ಒಂದೇ ಸಾಲು ಬರೆದರೆ ಹೇಗೆ?

ನಾನಿರುವುದು ಸಾಗರದ ಕಡೆ. ಇಲ್ಲಿ ಹೂವಿನ ಗಿಡದ ಹುಚ್ಚಿಲ್ಲದ ಹೆಂಗಸರು ಕಮ್ಮಿ. ಮದುವೆಗೆ ಹೋದರೂ, ಸತ್ಯನಾರಾಯಣ ಕಥೆಗೆ ಹೋದರೂ ವಾಪಸ್ ಬರುವಾಗ ಒದ್ದೆ ಪೇಪರಿನಲ್ಲಿ ಸುತ್ತಿದ ಒಂದು ರೆಂಬೆ ಕೈಯಲ್ಲಿರುತ್ತದೆ. ಹೀಗೆ ಮನೆಯಿಂದ ಮನೆಗೆ ಹೋದ ಬೆಗೋನಿಯಾಗಳು ಸಾಮಾನ್ಯವಾಗಿ ಬದುಕುತ್ತವೆ. ದುಡ್ಡು ಕೊಟ್ಟು ತಂದ, ಮೈತುಂಬ ಹೂ ಬಿಟ್ಟ ಗಿಡಗಳೇ ಹೆಚ್ಚಾಗಿ ಸಾಯುವುದು. ಅದಕ್ಕೆ ಕಾರಣ ಹುಡುಕಬೇಕೆಂದರೆ ಗಿಡದ ಬುಡ ನೋಡಬೇಕು.

ಬೆಗೋನಿಯಾದ ಬೇರು ಕೂದಲಿನಷ್ಟು ಸಪೂರ. ಮಣ್ಣಿನ ಮೇಲ್ಪದರದಲ್ಲೇ ಹರಡಿಕೊಂಡಿರುತ್ತದೆ, ಆಳಕ್ಕೆ ಇಳಿಯುವುದಿಲ್ಲ. ದಂಟು, ಎಲೆ ಎರಡರಲ್ಲೂ ನೀರು ತುಂಬಿರುತ್ತದೆ. ಇಂಥ ಗಿಡವನ್ನು ಎತ್ತುವಾಗ ಒಂದಿಷ್ಟು ಬೇರು ಹರಿದೇ ಹರಿಯುತ್ತದೆ. ಎಲೆಗಳಿಂದ ನೀರು ಆವಿಯಾಗುವುದು ನಿಲ್ಲುವುದಿಲ್ಲ, ಆದರೆ ಹರಿದ ಬೇರಿಗೆ ಅಷ್ಟು ನೀರು ಎಳೆದುಕೊಡಲು ಆಗುವುದಿಲ್ಲ, ಹಾಗಾಗಿ ಮಧ್ಯಾಹ್ನದ ಹೊತ್ತಿಗೆ ಗಿಡ ಬಾಡಿ ಜೋಲು ಬೀಳುತ್ತದೆ. ಇದನ್ನು ನೋಡಿ ಪಾಪ ಬಾಯಾರಿದೆ ಎಂದು ಒಂದು ಚೊಂಬು ನೀರು ಸುರಿಯುತ್ತಾರೆ. ಸಂಜೆ ಇನ್ನೊಂದು ಚೊಂಬು. ಮಣ್ಣಿನಲ್ಲಿ ಗಾಳಿ ಆಡಲು ಜಾಗವೇ ಇಲ್ಲದೆ ಉಳಿದ ಬೇರೂ ಕೊಳೆಯುತ್ತದೆ. ಬೇರು ಕೊಳೆತ ಗಿಡ ಮತ್ತೂ ಬಾಡುತ್ತದೆ, ಇವರು ಮತ್ತೂ ನೀರು ಹಾಕುತ್ತಾರೆ. ನೆಟ್ಟ ಮೊದಲ ವಾರ ಗಿಡ ಬಾಡಿದರೆ ಅದಕ್ಕೆ ಬೇಕಾಗಿರುವುದು ನೆರಳು, ನೀರಲ್ಲ. ಲೇಖನದ ಮೊದಲ ಸಾಲಲ್ಲೇ ದಪ್ಪ ಅಕ್ಷರದಲ್ಲಿ ಇದನ್ನು ಹಾಕಿ ಎಂದು ನನ್ನ ವಿನಂತಿ. ಬೆರಳನ್ನು ಒಂದು ಗೆಣ್ಣು ಮಣ್ಣಿಗೆ ಇಳಿಸಿ ನೋಡಿ, ತಂಪಾಗಿ ಒದ್ದೆ ತಾಗಿದರೆ ನೀರು ಬೇಡವೇ ಬೇಡ.

ಇನ್ನು ನರ್ಸರಿಯಿಂದ ತಂದ ಗಿಡದ ವಿಷಯ. ಇದಕ್ಕೆ ಸ್ವಲ್ಪ ಜಾಗ ತೆಗೆದುಕೊಳ್ಳುತ್ತೇನೆ, ಯಾಕೆಂದರೆ ಇಷ್ಟು ಸಣ್ಣ ಸಂಗತಿಯನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ಈಗ ಮಾರಾಟಕ್ಕೆ ಬರುವ ಬೆಗೋನಿಯಾಗಳಲ್ಲಿ ಹೆಚ್ಚಿನವು ಕೋಕೋಪೀಟಿನಲ್ಲಿ, ಅಂದರೆ ತೆಂಗಿನ ನಾರಿನ ಪುಡಿಯಲ್ಲಿ ಬೆಳೆದವು. ಸಾಗಿಸಲು ಹಗುರ, ಬೇರೂ ಬೇಗ ಬರುತ್ತದೆ, ಅವರದ್ದು ತಪ್ಪೇನಿಲ್ಲ. ನಾವು ಅದನ್ನು ತಂದು ಆ ಉಂಡೆಯನ್ನು ಹಾಗೆಯೇ ಕೆಮ್ಮಣ್ಣಿನ ನಡುವೆ ಕೂರಿಸುತ್ತೇವೆ. ಕೋಕೋಪೀಟ್ ಒಮ್ಮೆ ಪೂರ್ತಿ ಒಣಗಿದರೆ ಮತ್ತೆ ಬೇಗ ನೀರು ಹಿಡಿಯುವುದಿಲ್ಲ. ಹಾಕಿದ ನೀರು ಪಕ್ಕದ ಮಣ್ಣಿಗೆ ಹೋಗುತ್ತದೆ, ಕುಂಡದ ಅಂಚಿನಿಂದ ಇಳಿದು ತೂತಿನಿಂದ ಹೊರಗೂ ಬರುತ್ತದೆ, ಮೇಲಿನಿಂದ ನೋಡಿದರೆ ಎಲ್ಲ ಒದ್ದೆ. ನಡುವಿನ ಉಂಡೆ ಮಾತ್ರ ಒಣಕಲು, ಗಿಡದ ಬೇರೆಲ್ಲ ಇರುವುದು ಅದರೊಳಗೇ. ಉಲ್ಟಾ ಕೂಡ ಆಗುತ್ತದೆ. ಸುತ್ತ ಅಂಟು ಮಣ್ಣಿದ್ದು ಮಳೆ ಬಿಡದೆ ಹೊಡೆದರೆ ಆ ಉಂಡೆ ಸ್ಪಂಜಿನ ಹಾಗೆ ನೀರು ಹೀರಿಕೊಂಡು ವಾರಗಟ್ಟಲೆ ಹಾಗೇ ಕೂತಿರುತ್ತದೆ.

ಅದಕ್ಕೇ ನೆಡುವ ಮುಂಚೆ ಗಿಡವನ್ನು ಕುಂಡದ ಸಮೇತ ಒಂದು ಬಾನಿ ನೀರಿನಲ್ಲಿ ಇಟ್ಟು, ಗುಳ್ಳೆ ಬರುವುದು ನಿಂತ ಮೇಲೆ ತೆಗೆದು, ನೀರು ಬಸಿಯಲು ಬಿಡಬೇಕು. ಆಮೇಲೆ ಎಡಗೈಯ ಬೆರಳುಗಳ ನಡುವೆ ದಂಟು ಬರುವಂತೆ ಮಣ್ಣಿನ ಮೇಲೆ ಅಂಗೈ ಇಟ್ಟು, ಕುಂಡ ಬೋರಲು ಹಾಕಿ, ತಳಕ್ಕೆ ಎರಡು ತಟ್ಟು ತಟ್ಟಿದರೆ ಉಂಡೆ ಕೈಗೆ ಇಳಿಯುತ್ತದೆ. ದಂಟು ಹಿಡಿದು ಎಳೆಯಬೇಡಿ, ಬುಡದಲ್ಲೇ ಚಟ್ ಎಂದು ಮುರಿಯುತ್ತದೆ. ಈಗ ಬೇರು ನೋಡಿ. ಬೆಳ್ಳಗೆ ಅಥವಾ ತಿಳಿ ಕಂದು ಬಣ್ಣದಲ್ಲಿದ್ದು, ಮುಟ್ಟಿದರೆ ಗಟ್ಟಿ ಇದ್ದರೆ ಒಳ್ಳೆಯದು. ಕಡು ಕಂದು ಬಣ್ಣಕ್ಕೆ ತಿರುಗಿ, ಎಳೆದರೆ ಸಿಪ್ಪೆ ಜಾರಿ ನೂಲು ಮಾತ್ರ ಉಳಿದರೆ ಅದು ಕೊಳೆತದ್ದು, ಕತ್ತರಿಸಿ ತೆಗೆಯಿರಿ. ಬೇರಿನ ನಡುವೆ ಬಿಳಿ ಹಿಟ್ಟಿನಂತೆ ಅಂಟಿಕೊಂಡಿದ್ದರೆ ಹಿಟ್ಟು ತಿಗಣೆ ಇರಬಹುದು, ಆ ಗಿಡವನ್ನು ಬೇರೆ ಗಿಡಗಳಿಂದ ದೂರ ಇಡಿ. ಕೆಲವು ಗಿಡಗಳಲ್ಲಿ ಬೇರಿನ ಸುತ್ತ ತೆಳ್ಳನೆಯ ಬಲೆ ಚೀಲವೊಂದು ಇರುತ್ತದೆ. ಕಣ್ಣಿಗೆ ಬೀಳದಷ್ಟು ಸಣ್ಣದು. ಪ್ಲಾಸ್ಟಿಕ್ ಬಲೆಯಾಗಿದ್ದರೆ ಸಣ್ಣ ಕತ್ತರಿಯಿಂದ ಉದ್ದಕ್ಕೆ ಕತ್ತರಿಸಿ ಬಿಡಿಸಿ. ಉಂಡೆಯ ಹೊರಗಿನ ಪುಡಿಯನ್ನು ಬೆರಳಲ್ಲಿ ಸ್ವಲ್ಪ ಉದುರಿಸಿ, ಬೇರಿನ ತುದಿ ಹೊರಗೆ ಕಾಣುವ ಹಾಗೆ ಮಾಡಿ. ಪೂರ್ತಿ ತೊಳೆದು ಬರಿ ಬೇರು ಮಾಡುವ ಕೆಲಸ ಮಾತ್ರ ಬೇಡ.

ಕುಂಡದ ಅಳತೆಯ ಬಗ್ಗೆ ಕೂಡ ಹೇಳಬೇಕು. ದೊಡ್ಡ ಕುಂಡಕ್ಕೆ ಹಾಕಿದರೆ ದೊಡ್ಡ ಗಿಡ ಆಗುತ್ತದೆ ಎನ್ನುವುದು ಬೆಗೋನಿಯಾಕ್ಕೆ ನಡೆಯುವುದಿಲ್ಲ. ಬೇರು ತಲುಪದ ಮಣ್ಣಿನಲ್ಲಿ ನೀರು ಸುಮ್ನೆ ನಿಲ್ಲುತ್ತದೆ, ಕೊಳೆ ಅಲ್ಲಿಂದಲೇ ಶುರು. ಹಳೆಯ ಕುಂಡಕ್ಕಿಂತ ಸುತ್ತಲೂ ಒಂದು ಬೆರಳು, ಹೆಚ್ಚೆಂದರೆ ಎರಡು ಬೆರಳು ಅಗಲ ಇದ್ದರೆ ಸಾಕು. ಆಳ ಬೇಕಿಲ್ಲ, ಅಗಲ ಬೇಕು. ಬೇರು ತಳದ ತೂತಿನಿಂದ ಇಣುಕುವ ತನಕ ಬದಲಿಸುವ ಅವಸರವೂ ಇಲ್ಲ. ಹೂ ತುಂಬಿದ ಗಿಡವನ್ನಂತೂ ತಂದ ದಿನವೇ ಬದಲಿಸಬೇಡಿ. ಮೊಗ್ಗೆಲ್ಲ ಉದುರಿಹೋಗುತ್ತದೆ. ಒಂದೆರಡು ವಾರ ಮನೆಯ ಗಾಳಿ ಬೆಳಕಿಗೆ ಹೊಂದಿಕೊಳ್ಳಲಿ, ಹೂವಿನ ಭರ ಇಳಿಯಲಿ.

ಮಣ್ಣು ನಮ್ಮ ಕಡೆಯವರಿಗೆ ಚಿಂತೆಯೇ ಅಲ್ಲ. ಸೊಪ್ಪಿನ ಬೆಟ್ಟದಲ್ಲಿ, ಅಂದರೆ ತೋಟಕ್ಕೆ ಸೊಪ್ಪು ತರುವ ಕಾಡಿನಲ್ಲಿ, ತರಗೆಲೆ ಕೊಳೆತು ಕಪ್ಪಗೆ ಪುಡಿಯಾಗಿ ಬಿದ್ದಿರುತ್ತದಲ್ಲ, ಅದು ಎರಡು ಪಾಲು. ಕೆಮ್ಮಣ್ಣು ಒಂದು ಪಾಲು, ದಪ್ಪ ಮರಳು ಒಂದು ಪಾಲು, ಮೇಲೆ ಒಂದು ಹಿಡಿ ಇದ್ದಿಲ ಚೂರು. ಅಡಿಕೆ ತೋಟಕ್ಕೆ, ಮೆಣಸಿನ ಬಳ್ಳಿಯ ಸೊರಗು ರೋಗಕ್ಕೆ ಅಂತ ತಂದಿಟ್ಟ ಟ್ರೈಕೋಡರ್ಮಾ (ಬೇರಿಗೆ ಉಪಕಾರಿಯಾದ ಶಿಲೀಂಧ್ರದ ಪುಡಿ) ಮನೆಯಲ್ಲಿದ್ದರೆ ಅದನ್ನೂ ಸ್ವಲ್ಪ ಬೆರೆಸಬಹುದು, ಬೇರು ಕೊಳೆಯುವುದಕ್ಕೆ ತಡೆ. ಹಸಿ ಸಗಣಿ ಬೇಡ. ಒಲೆಯ ಬೂದಿಯೂ ಬೇಡ. ಬೆಗೋನಿಯಾ ಸ್ವಲ್ಪ ಹುಳಿ ಮಣ್ಣನ್ನು ಇಷ್ಟಪಡುತ್ತದೆ, ರಸಸಾರ (ಪಿಎಚ್) ಆರರ ಆಸುಪಾಸು. ಮಲೆನಾಡಿನ ಜಂಬಿಟ್ಟಿಗೆ ಮಣ್ಣು ಅದಕ್ಕೆ ಹೇಳಿ ಮಾಡಿಸಿದಂತಿದೆ. ಬೂದಿ ಹಾಕಿದರೆ ಹುಳಿ ಇಳಿದುಹೋಗುತ್ತದೆ. ಪೇಟೆಯವರು ತರಗೆಲೆಯ ಬದಲು ಎರೆಗೊಬ್ಬರ ಮತ್ತು ಕೋಕೋಪೀಟ್ ಬಳಸಲಿ, ಮರಳಿನ ಬದಲು ಪರ್ಲೈಟ್ ಎಂಬ ಹಗುರವಾದ ಬಿಳಿ ಹರಳು.

ನೆಡುವ ಆಳ ಮೊದಲು ಎಷ್ಟಿತ್ತೋ ಅಷ್ಟೇ. ಇದರಲ್ಲಿ ಜಾತಿ ನೋಡಬೇಕು. ಬೆಗೋನಿಯಾದಲ್ಲಿ 2,000ಕ್ಕೂ ಹೆಚ್ಚು ಜಾತಿಗಳಿವೆ, ನಮ್ಮ ಮನೆಗಳಿಗೆ ಬರುವುದು ನಾಲ್ಕೈದು ಬಗೆ. ಲೇಖನಗಳಲ್ಲಿ ಎಲ್ಲಕ್ಕೂ ಸೇರಿಸಿ ಒಂದೇ ವಿಧಾನ ಹೇಳಿಬಿಡುತ್ತಾರೆ, ಅದು ನನಗೆ ತುಂಬಾ ಬೇಜಾರು ತರುವ ಸಂಗತಿ.

ಮೇಣ ಸವರಿದ ಹಾಗೆ ಹೊಳೆಯುವ ಸಣ್ಣ ಎಲೆಯದ್ದು ದಕ್ಷಿಣ ಅಮೆರಿಕದ್ದು, ಎಲ್ಲಕ್ಕಿಂತ ಗಟ್ಟಿ ಜೀವ. ನೆಲಕ್ಕೆ ಹಾಕಲು ಇದೇ ಸರಿ. ಒಂದು ಗೇಣು ಅಂತರ ಬಿಟ್ಟು ನೆಟ್ಟು, ಚಿಗುರು ಬಂದ ಮೇಲೆ ತುದಿ ಚಿವುಟಿದರೆ ಪೊದೆಯಾಗಿ ತುಂಬಿಕೊಳ್ಳುತ್ತದೆ. ಬಿದಿರಿನ ಹಾಗೆ ಗೆಣ್ಣು ಗೆಣ್ಣಾಗಿ ಎತ್ತರಕ್ಕೆ ಹೋಗುವ, ರೆಕ್ಕೆಯಂಥ ಎಲೆಯ ಮೇಲೆ ಬಿಳಿ ಚುಕ್ಕೆ ಇರುವ ಜಾತಿಗೆ ನೆಡುವಾಗಲೇ ಒಂದು ಕೋಲು ಊರಿ ಕಟ್ಟಬೇಕು, ಆಮೇಲೆ ಊರಲು ಹೋದರೆ ಬೇರು ಕತ್ತರಿಸುತ್ತದೆ. ಈ ಜಾತಿಯ ಮುದಿ ಗಿಡವನ್ನು ಬದಲಿಸಲು ಒದ್ದಾಡುವುದಕ್ಕಿಂತ ನಾಲ್ಕು ಗೆಣ್ಣಿನ ತುಂಡು ಕತ್ತರಿಸಿ ನೀರಿನಲ್ಲಿ ಇಡುವುದು ಸುಲಭ, ಬೇರು ಬಂದಮೇಲೆ ಕುಂಡಕ್ಕೆ ಹಾಕಿದರಾಯಿತು.

ಬಣ್ಣದ ಎಲೆಯ ರೆಕ್ಸ್ ಬೆಗೋನಿಯಾಕ್ಕೆ ಮಾತ್ರ ತುಂಬಾ ಹುಷಾರು ಬೇಕು. ಎಲ್ಲರೂ ಇದನ್ನು ವಿದೇಶಿ ಗಿಡ ಅಂದುಕೊಂಡಿದ್ದಾರೆ. ಇದರ ಮೂಲ ನಮ್ಮ ಅಸ್ಸಾಂ ಕಡೆಯ ಕಾಡು, 1850ರ ದಶಕದಲ್ಲಿ ಯುರೋಪಿಗೆ ಹೋಗಿ ಅಲ್ಲಿ ನೂರಾರು ತಳಿಗಳಾಗಿ ವಾಪಸ್ ಬಂದಿದೆ. ಇದರ ದಂಟು ಶುಂಠಿಯಂತೆ ಅಡ್ಡಡ್ಡ ಮಣ್ಣಿನ ಮೇಲೆ ಮಲಗಿ ಹರಿಯುತ್ತದೆ. ಬದಲಿಸುವಾಗ ಅದನ್ನು ಮಣ್ಣಿನಡಿ ಹೂಳುತ್ತಾರೆ, ಹದಿನೈದು ದಿನಕ್ಕೆ ಕೊಳೆತು ಲೋಳೆಯಾಗುತ್ತದೆ. ಆ ಗೆಡ್ಡೆಯಂಥ ದಂಟು ಅರ್ಧಕ್ಕರ್ಧ ಮೇಲೆ ಕಾಣಬೇಕು, ಅದರ ಕೆಳಗಿನ ಬೇರು ಮಾತ್ರ ಮಣ್ಣಿನಲ್ಲಿರಬೇಕು. ಕುಂಡದ ಅಂಚು ತಾಗಿ ಮುಂದೆ ಹೋಗಲು ಜಾಗ ಇಲ್ಲದಂತಾದಾಗ ಬದಲಿಸಿದರೆ ಸಾಕು. ಬದಲಿಸುವಾಗ ಎಲೆ ಮುರಿದರೆ ಎಸೆಯಬೇಡಿ. ಎಲೆಯ ಹಿಂಬದಿಯ ದಪ್ಪ ನರಗಳನ್ನು ಬ್ಲೇಡಿನಿಂದ ಅಲ್ಲಲ್ಲಿ ಕೊಯ್ದು, ಒದ್ದೆ ಮರಳಿನ ಮೇಲೆ ಅದೇ ಬದಿ ತಾಗುವಂತೆ ಮಲಗಿಸಿ, ಮೇಲೊಂದು ಪ್ಲಾಸ್ಟಿಕ್ ಡಬ್ಬಿ ಮುಚ್ಚಿಡಿ. ಕೊಯ್ದ ಜಾಗದಲ್ಲೆಲ್ಲ ಸಾಸಿವೆಯಷ್ಟು ಸಣ್ಣ ಸಣ್ಣ ಗಿಡಗಳು ಏಳುತ್ತವೆ.

ಗುಲಾಬಿಯಷ್ಟು ದೊಡ್ಡ ಹೂ ಬಿಡುವ ಗೆಡ್ಡೆ ಬೆಗೋನಿಯಾದ ಮೂಲ ಪೆರು, ಬೊಲಿವಿಯಾದ ಆಂಡೀಸ್ ಬೆಟ್ಟ. ತಂಪು ಬೇಕೇ ಬೇಕು. ಊಟಿ, ಕೊಡೈಕೆನಾಲ್‌ನಲ್ಲಿ ಚೆನ್ನಾಗಿ ಬರುತ್ತದೆ, ಮಡಿಕೇರಿಯಲ್ಲೂ ನೋಡಬಹುದು. ಮಂಗಳೂರು, ರಾಯಚೂರಿನವರು ಇದಕ್ಕೆ ದುಡ್ಡು ಹಾಕದಿರುವುದೇ ವಾಸಿ ಎಂದು ಪತ್ರಿಕೆಗಳು ನೇರವಾಗಿ ಹೇಳಿಬಿಡಬೇಕು. ಆಸೆ ಹುಟ್ಟಿಸುವುದಕ್ಕಿಂತ ಅದು ಒಳ್ಳೆಯದಲ್ವಾ?

ಈಗ ಕಾಲದ ವಿಷಯಕ್ಕೆ ಬರುತ್ತೇನೆ. ಮಲೆನಾಡಿನಲ್ಲಿ ಎರಡೇ ಹದ. ಒಂದು, ಮುಂಗಾರು ಬಿದ್ದು ನೆಲ ತಣ್ಣಗಾದ ಮೃಗಶಿರಾ ಮಳೆಯ ಮೊದಲ ದಿನಗಳು, ಅಂದರೆ ಜೂನ್ ಎರಡನೇ ವಾರ. ಜೂನ್ ಮೂರನೇ ವಾರ ಕಳೆದು ಆರಿದ್ರಾ ಮಳೆ ಶುರುವಾಗುವುದರೊಳಗೆ ಗಿಡ ಬೇರು ಹಿಡಿದಿರಬೇಕು. ಪುನರ್ವಸು, ಪುಷ್ಯ, ಆಶ್ಲೇಷದಲ್ಲಿ, ಅಂದರೆ ಜುಲೈ ಮೊದಲ ವಾರದಿಂದ ಆಗಸ್ಟ್ ಮಧ್ಯದ ತನಕ, ಬೆಗೋನಿಯಾದ ಬೇರು ಮುಟ್ಟಲೇಬಾರದು. ಆಗ ಬಿಸಿಲು ಇರುವುದಿಲ್ಲ, ಹಾಕಿದ ಬಟ್ಟೆಯೇ ಒಣಗುವುದಿಲ್ಲ, ಇನ್ನು ಹರಿದ ಬೇರಿನ ಗಾಯ ಆರುವುದೆಲ್ಲಿ? ಇನ್ನೊಂದು, ಎಲ್ಲಕ್ಕಿಂತ ಒಳ್ಳೆಯ ಹದ, ಉತ್ತರೆ ಕಳೆದು ಹಸ್ತ, ಚಿತ್ತೆ ಮಳೆಯ ಹೊತ್ತು, ಅಂದರೆ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮೂರನೇ ವಾರದ ತನಕ. ಮಣ್ಣಿನಲ್ಲಿ ತೇವ ಇರುತ್ತದೆ, ಬಿಸಿಲು ಹದವಾಗಿರುತ್ತದೆ, ಮುಂದಿನ ಬೇಸಿಗೆಯೊಳಗೆ ಬೇರು ಬಿಡಲು ನಾಲ್ಕೈದು ತಿಂಗಳು ಸಿಗುತ್ತದೆ.

ಬೆಂಗಳೂರು, ಮೈಸೂರಿನವರಿಗೆ ಜೂನ್, ಜುಲೈ ಸರಿ. ಅಕ್ಟೋಬರ್‌ನಿಂದ ಫೆಬ್ರವರಿ ಮಧ್ಯದ ತನಕವೂ ಮಾಡಬಹುದು, ಆದರೆ ಮಾರ್ಚ್ ಬಂದರೆ ನಿಲ್ಲಿಸಿ. ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನ ಜನವರಿ ಮತ್ತು ಆಗಸ್ಟ್‌ನಲ್ಲಿ ನಡೆಯುತ್ತದೆ, ಅಲ್ಲಿಗೆ ಹೋದವರು ಗಿಡ ಕೊಂಡೇ ಬರುತ್ತಾರೆ. ಜನವರಿಯಲ್ಲಿ ತಂದದ್ದನ್ನು ಹೂವಿನ ಭರ ಇಳಿದ ಮೇಲೆ ಫೆಬ್ರವರಿಯ ಮೊದಲ ವಾರಗಳಲ್ಲಿ ಬದಲಿಸಿಬಿಡಬಹುದು. ಆಗಸ್ಟ್‌ನಲ್ಲಿ ತಂದ ಮಲೆನಾಡಿನವರು ಮಾತ್ರ ಅವಸರ ಮಾಡದೆ, ಗಿಡವನ್ನು ಅದೇ ಕುಂಡದಲ್ಲಿ ಜಗಲಿಯ ಮೇಲೆ ಇಟ್ಟುಕೊಂಡು ಹಸ್ತ ಮಳೆಗೆ ಕಾಯಬೇಕು. ಬಯಲುಸೀಮೆಯಲ್ಲಿ ಮಳೆಯ ಭಯವಿಲ್ಲ, ಒಣ ಗಾಳಿಯ ಭಯ. ಅಲ್ಲಿ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಸಂಜೆ ಹೊತ್ತು ಬದಲಿಸಿ, ಗಿಡಗಳನ್ನು ಒತ್ತೊತ್ತಾಗಿ ಇಟ್ಟರೆ ಒಂದರ ತೇವ ಇನ್ನೊಂದಕ್ಕೆ ಸಿಗುತ್ತದೆ. ಬೋರ್‌ವೆಲ್ಲಿನ ಗಡಸು ನೀರು ಹಾಕಿ ಹಾಕಿ ಮಣ್ಣಿನ ಮೇಲೆ ಬಿಳಿ ಉಪ್ಪು ಕಟ್ಟುವ ಊರುಗಳಲ್ಲಿ ಸಾಧ್ಯವಾದಷ್ಟು ಮಳೆ ನೀರು ಹಿಡಿದಿಟ್ಟುಕೊಂಡು ಹಾಕಲಿ.

ನೆಟ್ಟ ಮೇಲೆ ಎರಡು ವಾರ ಬಿಸಿಲು ಬೇಡ. ನಮ್ಮಲ್ಲಾದರೆ ಅಡಿಕೆ ಸೋಗೆ ಅಡ್ಡ ಕಟ್ಟುತ್ತೇವೆ, ಪೇಟೆಯಲ್ಲಿ ಹಸಿರು ನೆರಳು ಬಲೆ. ಆಮೇಲೆ ಬೆಳಗಿನ ಎಳೆ ಬಿಸಿಲು ಬೀಳುವ ಪೂರ್ವದ ಜಾಗ ಸಾಕು. ಮಳೆಗಾಲದಲ್ಲಿ ಜಗಲಿಯ ತುದಿಯಲ್ಲಿ ಇಟ್ಟರೂ ಸೂರಿನ ನೀರು ನೇರ ಬೀಳದ ಹಾಗೆ ಇಡಬೇಕು. ಹಂಚಿನಿಂದ ಧಾರೆಯಾಗಿ ಬೀಳುವ ನೀರು ಒಂದೇ ರಾತ್ರಿಯಲ್ಲಿ ಬುಡದ ಮಣ್ಣು ಕೊರೆದು ಬೇರನ್ನು ಹೊರಗೆ ಹಾಕುತ್ತದೆ. ಕುಂಡದ ಅಡಿಯ ತಟ್ಟೆ ತೆಗೆದುಬಿಡಿ, ಅದರಲ್ಲಿ ನಿಂತ ನೀರು ಬೇರಿಗೂ ಕೆಟ್ಟದ್ದು, ಡೆಂಗಿ ಸೊಳ್ಳೆಗೂ ಮನೆ. ಸಿಂಬಳದ ಹುಳು, ಬಸವನಹುಳು ರಾತ್ರಿ ಬಂದು ಎಳೆ ಚಿಗುರು ಮೇಯುತ್ತವೆ, ಟಾರ್ಚ್ ಹಿಡಿದು ಹೆಕ್ಕುವುದೇ ಮದ್ದು. ಚಳಿಗಾಲದ ಇಬ್ಬನಿಗೆ ಎಲೆಯ ಮೇಲೆ ಬೂದಿ ರೋಗ ಬಂದರೆ ಆ ಎಲೆ ಚಿವುಟಿ ಹಾಕಿ, ಗಿಡಗಳ ನಡುವೆ ಗಾಳಿ ಆಡಲು ಬಿಡಿ. ಗೊಬ್ಬರಕ್ಕೆ ಆತುರ ಪಡಬೇಡಿ. ಹೊಸ ಚಿಗುರು ಕಣ್ಣಿಗೆ ಬಿದ್ದ ಮೇಲೆ ಎರೆಗೊಬ್ಬರ ಕೊಟ್ಟರಾಯಿತು.

ಇನ್ನೊಂದು ವಿಷಯ ಬರೆಯದೆ ಈ ಪತ್ರ ಮುಗಿಸಲಾರೆ. ನಮ್ಮ ಘಟ್ಟದಲ್ಲೇ ಕಾಡು ಬೆಗೋನಿಯಾಗಳಿವೆ. ಮಳೆಗಾಲದಲ್ಲಿ ಪಾಚಿ ಹಿಡಿದ ಬಂಡೆಯ ಮೇಲೆ ತಿಳಿ ಗುಲಾಬಿ ಹೂ ಬಿಟ್ಟು ನಿಲ್ಲುವ ಬೆಗೋನಿಯಾ ಕ್ರೆನೇಟಾ, ತೊರೆಯ ಅಂಚಿನ ನೆರಳಲ್ಲಿ ಸೊಂಟದೆತ್ತರ ಬೆಳೆಯುವ ಬೆಗೋನಿಯಾ ಮಲಬಾರಿಕಾ. ಜಲಪಾತ ನೋಡಲು ಬಂದವರು ಇವುಗಳನ್ನು ಕಿತ್ತು ಪ್ಲಾಸ್ಟಿಕ್ ಚೀಲಕ್ಕೆ ಹಾಕಿಕೊಂಡು ಹೋಗುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಬಂಡೆಯ ಮೇಲಿನದ್ದು ಬದುಕಿರುವುದು ಎರಡು ಬೆರಳು ದಪ್ಪದ ಪಾಚಿ ಮಣ್ಣಿನಲ್ಲಿ. ಮಳೆ ಮುಗಿದ ಮೇಲೆ ಮೇಲಿನ ಗಿಡ ಒಣಗಿ, ಸಣ್ಣ ಗೆಡ್ಡೆಯಾಗಿ ಮುಂದಿನ ಮಳೆಯ ತನಕ ಮಲಗುತ್ತದೆ. ಮನೆಗೆ ಒಯ್ದವರು ಗಿಡ ಸತ್ತಿತು ಎಂದು ಕುಂಡ ಬರಿದು ಮಾಡುತ್ತಾರೆ, ಅಥವಾ ಮಲಗಿದ ಗೆಡ್ಡೆಗೆ ನೀರು ಹಾಕಿ ಕೊಳೆಸುತ್ತಾರೆ. ಅಭಯಾರಣ್ಯದೊಳಗೆ ಗಿಡ ಕೀಳುವುದು ಕಾನೂನಿನ ಪ್ರಕಾರ ಅಪರಾಧ ಕೂಡ. ಕಾಡಿನ ಬೆಗೋನಿಯಾ ಮನೆಗೆ ತರಬೇಡಿ ಎಂಬ ಒಂದು ಸಾಲನ್ನು ಪ್ರತಿ ಮಳೆಗಾಲ ತಮ್ಮ ಪತ್ರಿಕೆಯಲ್ಲಿ ಹಾಕಿದರೆ ನಮ್ಮ ಕಡೆಯವರೆಲ್ಲ ಋಣಿಯಾಗಿರುತ್ತೇವೆ.

ಪುರವಣಿಯವರಿಗೆ ನನ್ನ ಕೇಳಿಕೆ ಇಷ್ಟೇ. ಮಲೆನಾಡು, ಕರಾವಳಿ, ಬಯಲುಸೀಮೆ, ಬೆಂಗಳೂರಿನ ಬಾಲ್ಕನಿ ಎಂದು ಬೇರೆ ಬೇರೆ ಮಾಡಿ, ಯಾವ ಮಳೆಯಲ್ಲಿ ಯಾವ ಹೂಗಿಡ ಬದಲಿಸಬಹುದು ಎಂದು ಆಯಾ ಮಳೆ ಹುಟ್ಟುವ ವಾರ ಮುಂಚೆ ಪ್ರಕಟಿಸಿ. ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ತೋಟಗಾರಿಕೆ ಇಲಾಖೆಯವರು, ಕೃಷಿ ವಿಜ್ಞಾನ ಕೇಂದ್ರದವರು, ಅವರಿಗಿಂತ ಹೆಚ್ಚಾಗಿ ನಮ್ಮ ಊರೂರಿನ ಗಿಡ ಸಾಕುವ ಅಜ್ಜಿಯರು. ಅವರನ್ನು ಕೇಳಿ ಬರೆಸಿ. ಹಾಗೆಯೇ, ಹೂವಿನ ಫೋಟೊ ಎಲ್ಲರೂ ಹಾಕುತ್ತಾರೆ, ತಾವು ಕುಂಡದಿಂದ ಎತ್ತಿದ ಗಿಡದ ಬೇರಿನ ಫೋಟೊ ಹಾಕಿ. ಒಳ್ಳೆಯ ಬೇರು ಒಂದು, ಕೊಳೆತ ಬೇರು ಒಂದು, ಪಕ್ಕಪಕ್ಕದಲ್ಲಿ, ಬಣ್ಣದಲ್ಲಿ.

ಇತಿ,
ತಮ್ಮ ಓದುಗರಲ್ಲಿ ಒಬ್ಬಳು
ಸಾಗರ, ಶಿವಮೊಗ್ಗ ಜಿಲ್ಲೆ